ಟೋಕಿಯೊದಲ್ಲಿ ಮಾರಿಯೊ ಜೋರಾಗಿ ಓಡುತ್ತಾನೆ

ಗುರುವಾರ

ಬೆಂಗಳೂರಿನಿಂದ ಟೋಕಿಯೊ ಬಳಿಯ ನರಿತಾಕ್ಕೆ ನೇರ ವಿಮಾನವಿರುವುದು ನನ್ನಂಥವರ ಪುಣ್ಯ. ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದದ್ದು ಅತ್ತಿಗೆಗೆಂದು ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಮತ್ತು ದಾವಣಗೆರೆಯ ಮಂಡಕ್ಕಿ. ಅವುಗಳ ನಡುವೆ, ಕಾಲುಚೀಲದಲ್ಲಿ ಸುತ್ತಿಟ್ಟ ಹಳದಿ ಪ್ಲಾಸ್ಟಿಕ್ಕಿನ ಒಂದು ವಿಡಿಯೊ ಗೇಮ್ ಕ್ಯಾಸೆಟ್. ಬೆಂಗಳೂರಿನ ಭದ್ರತಾ ತಪಾಸಣೆಯಲ್ಲಿ ಚಟ್ನಿಪುಡಿಗೆ ಯಾವ ತಕರಾರೂ ಬರಲಿಲ್ಲ. ಕ್ಯಾಸೆಟ್ಟನ್ನು ಮಾತ್ರ ಹೊರಗೆ ತೆಗೆಸಿದರು. ಇದೇನೆಂದು ಹೇಳಿದೆ. ಮೀಸೆಯಂಚು ಬೆಳ್ಳಗಾಗಿದ್ದ ಆ ಸಿಬ್ಬಂದಿ ಅದನ್ನು ತಿರುಗಿಸಿ ನೋಡಿ, "ಕಾಂಟ್ರಾ ಇದೆಯಾ ಇದರಲ್ಲಿ?" ಎಂದು ಕೇಳಿದರು. ಇದೆ ಎಂದೆ. ಮುಂದಿನ ಚೀಲಕ್ಕೆ ಕೈ ಹಾಕಿದರು.

1990ರ ದಶಕದಲ್ಲಿ ನಮ್ಮ ಊರುಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಂಟೆಂಡೊ ಎಂಬ ಜಪಾನಿ ಗೇಮ್ ಕಂಪನಿಯ ಹೆಸರು ಕೇಳದೆಯೇ ನಾವೆಲ್ಲ ನಿಂಟೆಂಡೊ ಆಡಿದವರು. ಬೇರೆ ಬೇರೆ ಹೆಸರು ಹೊತ್ತು ಬಂದ ಆ ಪೆಟ್ಟಿಗೆಗಳೆಲ್ಲ 1983ರ ಜುಲೈ 15ರಂದು ಜಪಾನಿನಲ್ಲಿ 14,800 ಯೆನ್ ಬೆಲೆಗೆ ಮಾರಾಟಕ್ಕೆ ಬಂದ ಫ್ಯಾಮಿಕಾಮ್ ಎಂಬ ನಿಂಟೆಂಡೊ ಗೇಮ್ ಯಂತ್ರದ ನಕಲುಗಳು. ಯಾವ ಊರಿನಲ್ಲಿ ಯಾವ ನಕಲು ಸಿಗುತ್ತಿತ್ತು, ಕ್ಯಾಸೆಟ್ಟಿನ ಮೇಲಿನ ಚೀಟಿಯಲ್ಲಿ ಏನು ಚಿತ್ರವಿತ್ತು, ಬಾಡಿಗೆ ಅಂಗಡಿಯಲ್ಲಿ ಗಂಟೆಗೆ ಎಷ್ಟು ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದಿಡುವ ಒಂದು ಸಣ್ಣ ಜಾಲತಾಣವನ್ನು ಸ್ವಂತ ಖರ್ಚಿನಲ್ಲಿ ನಡೆಸಿಕೊಂಡು ಬಂದಿದ್ದೇನೆ. ಹೊಸ ಆಟಗಳ ವಿಮರ್ಶೆ ಬರೆಯಿರಿ, ಓದುಗರು ಹೆಚ್ಚುತ್ತಾರೆ ಎಂದು ಹೇಳುವವರಿದ್ದಾರೆ. ಅದನ್ನು ಬರೆಯುವವರು ಸಾವಿರ ಮಂದಿ ಇದ್ದಾರೆ. ಗದಗಿನ ಓದುಗರೊಬ್ಬರು ಅಟ್ಟದ ಮೇಲೆ ಸಿಕ್ಕ ಕ್ಯಾಸೆಟ್ಟಿನ ಫೋಟೊ ಕಳಿಸಿದಾಗ ಆಗುವ ಖುಷಿ ಅದರಲ್ಲಿಲ್ಲ.

ಈ ಬಾರಿ ಎರಡು ಸಂಗತಿಗಳು ಕೂಡಿ ಬಂದವು. 2025ರ ಟೋಕಿಯೊ ಗೇಮ್ ಶೋ ಸೆಪ್ಟೆಂಬರ್ ಕೊನೆಯ ವಾರಕ್ಕೆ ನಿಗದಿಯಾಗಿತ್ತು. ಕ್ಯೋಟೊ ಪಕ್ಕದ ಊಜಿಯಲ್ಲಿರುವ ನಿಂಟೆಂಡೊ ವಸ್ತುಸಂಗ್ರಹಾಲಯದ ಟಿಕೆಟ್ ಲಾಟರಿಯಲ್ಲಿ ನನ್ನ ಹೆಸರೂ ಬಂದಿತು. ಅಲ್ಲಿ ಬಾಗಿಲಿಗೆ ಹೋಗಿ ಟಿಕೆಟ್ ಕೊಳ್ಳುವ ಪದ್ಧತಿಯಿಲ್ಲ. ಮೂರು ತಿಂಗಳ ಮುಂಚೆ ಅರ್ಜಿ ಹಾಕಿ ಕಾಯಬೇಕು.

ಚಿಕ್ಕಪ್ಪನ ಮಗ ನಿಶಿ-ಕಸಾಯ್‌ನಲ್ಲಿದ್ದಾನೆ. ಟೋಕಿಯೊದ ಭಾರತೀಯರು ಗುಂಪಾಗಿ ನೆಲೆಸಿರುವ ಬಡಾವಣೆ ಅದು. ನಿಲ್ದಾಣದಿಂದ ಮನೆಗೆ ನಡೆಯುವಾಗ ಎಲ್ಲಿಂದಲೋ ಒಗ್ಗರಣೆಯ ವಾಸನೆ ಬಂದದ್ದು ಭ್ರಮೆಯಲ್ಲ. "ಮೊದಲು ಊಟ ಮಾಡಿ ಮಲಗು. ಗೇಮ್ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದ ಅಣ್ಣ. ಮಂಡಕ್ಕಿಯ ಪೊಟ್ಟಣ ಅಷ್ಟರಲ್ಲಿ ಖಾಲಿಯಾಗಿತ್ತು.

ಶುಕ್ರವಾರ

ಅಕಿಹಾಬಾರ. ಯುದ್ಧದ ನಂತರ ರೇಡಿಯೊ ಬಿಡಿಭಾಗಗಳ ಕಳ್ಳಸಂತೆಯಾಗಿ ಹುಟ್ಟಿದ ಪೇಟೆ ಇದು. ರೈಲು ಹಳಿಯ ಕೆಳಗೆ ಇವತ್ತಿಗೂ ಒಬ್ಬ ಮನುಷ್ಯ ಮಾತ್ರ ಕೂರಬಹುದಾದಷ್ಟು ಅಗಲದ ಮಳಿಗೆಗಳಲ್ಲಿ ಸ್ವಿಚ್ಚು, ತಂತಿ, ರೆಸಿಸ್ಟರ್‌ಗಳನ್ನು ಮಾರುತ್ತಾರೆ. ಪ್ರವಾಸಿಗಳು ಇವನ್ನು ದಾಟಿಕೊಂಡು ಗೊಂಬೆ ಅಂಗಡಿಗಳಿಗೆ ನುಗ್ಗುತ್ತಾರೆ. ನನಗೆ ಇಲ್ಲಿಯೇ ಅರ್ಧ ಬೆಳಗು ಕಳೆಯಿತು, ಯಾಕೆಂದರೆ ಜಾಲತಾಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಅಡಾಪ್ಟರ್ ಬಗ್ಗೆಯೇ. ಮೂಲ ಫ್ಯಾಮಿಕಾಮ್ ಬೇಡುವುದು 10 ವೋಲ್ಟ್, 850 ಮಿಲಿಆಂಪಿಯರ್. ಪಿನ್ನಿನ ಒಳಭಾಗ ಋಣ, ಹೊರಭಾಗ ಧನ. ಮನೆಯಲ್ಲಿ ಸಿಗುವ ಬೇರೆ ಅಡಾಪ್ಟರುಗಳು ಬಹುಪಾಲು ಇದಕ್ಕೆ ತಿರುವುಮುರುವು. ದಯವಿಟ್ಟು ನೋಡಿ ಚುಚ್ಚಿ.

ಸೂಪರ್ ಪೊಟ್ಯಾಟೊ ಎಂಬ ಹಳೆಯ ಆಟಗಳ ಅಂಗಡಿಗೆ ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಗೋಡೆಯುದ್ದಕ್ಕೂ ಕ್ಯಾಸೆಟ್ಟುಗಳು, ಮೇಲಿನ ಮಹಡಿಯಲ್ಲಿ ನಾಣ್ಯ ಹಾಕಿ ಆಡುವ ಹಳೆಯ ಆರ್ಕೇಡ್ ಯಂತ್ರಗಳು ಮತ್ತು ಮಕ್ಕಳ ಅಗ್ಗದ ಮಿಠಾಯಿ. ಬೆಲೆಗಳು ಮಾತ್ರ ಮಕ್ಕಳಿಗಲ್ಲ. ವಿದೇಶಿ ಕೊಳ್ಳುಗರು ಬಂದ ಮೇಲೆ ಒಳ್ಳೆಯ ಸರಕು ಮೇಲಕ್ಕೇರಿಬಿಟ್ಟಿದೆ. ಗಾಜಿನ ಪೆಟ್ಟಿಗೆಯೊಳಗಿನ ಫ್ಯಾಮಿಕಾಮ್‌ಗಳನ್ನು ಸಾಲಾಗಿ ನೋಡಿದರೆ ಒಂದೇ ಕಾರ್ಖಾನೆಯ ಯಂತ್ರಗಳಲ್ಲಿ ಕೆಲವು ಹಾಲಿನ ಬಣ್ಣದಲ್ಲೇ ಉಳಿದಿವೆ, ಕೆಲವು ಹಳದಿಗಟ್ಟಿವೆ. ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಿರಲೆಂದು ಬೆರೆಸಿದ ಬ್ರೋಮಿನ್ ಸಂಯುಕ್ತಗಳು ಬಿಸಿಲು, ಶಾಖ ತಾಗಿದಾಗ ಹೀಗೆ ಮಾಡುತ್ತವೆ ಎನ್ನುತ್ತಾರೆ. ಯಾರ ಮನೆಯ ಯಂತ್ರ ಕಿಟಕಿಯ ಪಕ್ಕದಲ್ಲಿತ್ತು ಎಂಬುದನ್ನು ಮೈಬಣ್ಣವೇ ಹೇಳುತ್ತದೆ.

ಫ್ಯಾಮಿಕಾಮಿನ ಎರಡನೆಯ ಕಂಟ್ರೋಲರಿನಲ್ಲಿ ಸ್ಟಾರ್ಟ್ ಗುಂಡಿಯಿಲ್ಲ. ಅದರ ಬದಲು ಪುಟ್ಟ ಮೈಕ್ ಇದೆ. ಜಪಾನಿನ ಜೆಲ್ಡಾ ಆಟದಲ್ಲಿ ಉದ್ದ ಕಿವಿಯ ಒಂದು ಪ್ರಾಣಿಯನ್ನು ಆ ಮೈಕಿನಲ್ಲಿ ಕೂಗಿಯೇ ಕೊಲ್ಲಬಹುದಿತ್ತು. ಮೈಕ್ ಇಲ್ಲದ ಅಮೆರಿಕದ ಯಂತ್ರಕ್ಕೂ ಬಂದ ಕೈಪಿಡಿಯಲ್ಲಿ ಆ ಪ್ರಾಣಿಗೆ ದೊಡ್ಡ ಸದ್ದು ಆಗುವುದಿಲ್ಲ ಎಂದು ಬರೆದಿತ್ತು. ಪಾಪ, ಅಲ್ಲಿನ ಮಕ್ಕಳು ಕೊಳಲು ಊದಿ ಊದಿ ಸೋತರು.

ಸಂಜೆ ಅಣ್ಣ ಕಚೇರಿ ಮುಗಿಸಿ ಬಂದ ಮೇಲೆ ಹಿಂದಿನ ಬೀದಿಯ ಒಂದು ಸಣ್ಣ ಪಾನಗೃಹಕ್ಕೆ ಹೋದೆವು. ಗಂಟೆಗಿಷ್ಟು ಎಂದು ಕೊಟ್ಟು, ಕುಡಿಯಲು ಏನಾದರೂ ತೆಗೆದುಕೊಂಡರೆ ಹಳೆಯ ಗಾಜಿನ ಟಿವಿಗಳಲ್ಲಿ ಹಳೆಯ ಆಟ ಆಡಬಹುದು. ನನ್ನ ಹಳದಿ ಡಬ್ಬಿಯನ್ನು ಕೌಂಟರಿನ ಮೇಲಿಟ್ಟೆ.

"ಕ್ಯಾಸೆಟ್" ಎಂದೆ.

"ಕಸೆಟ್ಟೊ" ಎಂದು ತಲೆಯಾಡಿಸಿದರು ಮಾಲೀಕರು. ಹಿಂದೆ ತಿರುಗಿಸಿ ಸ್ಕ್ರೂ ಇಲ್ಲದ್ದನ್ನು, ಚೀಟಿಯಲ್ಲಿ ಮಾರಿಯೊ ಪಕ್ಕದಲ್ಲಿ ಯಾವುದೋ ಬೇರೆ ಆಟದ ಟ್ಯಾಂಕ್ ನಿಂತಿರುವುದನ್ನು ನೋಡಿ ನಕ್ಕರು. ಎಲ್ಲಿಯದು ಎಂದು ಕೇಳಿದರು. ಅಣ್ಣ ಜಪಾನಿಯಲ್ಲಿ ದಾವಣಗೆರೆಯನ್ನು ವಿವರಿಸಲು ಹೊರಟು ಭಾರತ ಎಂದು ಮುಗಿಸಿದ. ಅಂಗಡಿಯ ಚೆಂದದ ಯಂತ್ರಕ್ಕೆ ಇಂಥ ಕಳ್ಳಮಾಲನ್ನು ತೂರಿಸಲು ಅವರಿಗೆ ಮನಸ್ಸಾಗಲಿಲ್ಲ. ಕೌಂಟರಿನ ಕೆಳಗಿಂದ ಒಂದು ಬಡಕಲು ಫ್ಯಾಮಿಕಾಮ್ ತೆಗೆದು, ಕ್ಯಾಸೆಟ್ಟಿನ ಹಲ್ಲುಗಳನ್ನು ಹತ್ತಿಯಲ್ಲಿ ಒರೆಸಿದರು. ಊದಲಿಲ್ಲ. ನಮ್ಮ ಪೀಳಿಗೆ ಊದಿ ಊದಿ ಹಾಕಿದ ಎಂಜಲಿನ ತೇವವೇ ಆ ತಾಮ್ರಕ್ಕೆ ಕಿಲುಬು ಹಿಡಿಸುತ್ತಿತ್ತು. ಪಿನ್‌ಗಳು ಎರಡರಲ್ಲೂ 60, ತಟ್ಟನೆ ಕೂತಿತು. ಆಟಗಳ ಪಟ್ಟಿ ತೆರೆದುಕೊಂಡಿತು.

ಮಾರಿಯೊ ಒತ್ತಿದೆ. ಸಂಗೀತ ಶುರುವಾಯಿತು. ಯಾರೋ ಬೆನ್ನಟ್ಟಿದ ಹಾಗೆ ಓಡುತ್ತಿದೆ! ಮೊದಲ ಕಂದು ಅಣಬೆ ಎದುರಿಗೆ ಬಂದು ಡಿಕ್ಕಿ ಹೊಡೆದಾಗಲೂ ನನ್ನ ಹೆಬ್ಬೆರಳು ಹಾರುವ ಗುಂಡಿಯ ಮೇಲೆ ಇಳಿಯುತ್ತಲೇ ಇತ್ತು.

ಕಾರಣ ನನಗೆ ಗೊತ್ತಿತ್ತು, ಅದರ ಬಗ್ಗೆ ಬರೆದಿದ್ದೆ ಕೂಡ. ಜಪಾನಿನ ಟಿವಿಯಲ್ಲಿ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗುತ್ತಿತ್ತು, ನಮ್ಮಲ್ಲಿ 50. ಈ ಆಟಗಳಲ್ಲಿ ಕಾಲವನ್ನು ಅಳೆಯುವ ಗಡಿಯಾರವೆಂದರೆ ಆ ಚಿತ್ರವೇ. ಪ್ರತಿ ಚಿತ್ರಕ್ಕೆ ಮಾರಿಯೊ ಇಷ್ಟು ಚುಕ್ಕಿ ಸರಿಯಬೇಕು, ಇಷ್ಟು ಕೆಳಗೆ ಬೀಳಬೇಕು, ಇಷ್ಟು ಚಿತ್ರಗಳಿಗೊಮ್ಮೆ ಸ್ವರ ಬದಲಾಗಬೇಕು ಎಂದು ಬರೆದಿರುತ್ತಾರೆ. ನಮ್ಮ ಟಿವಿಗೆ ಹೊಂದುವಂತೆ ನಕಲು ಪೆಟ್ಟಿಗೆಗಳನ್ನು 50ಕ್ಕೆ ಇಳಿಸಿದಾಗ ಆಟವೂ, ಓಟವೂ, ಹಾಡಿನ ಲಯವೂ ಒಟ್ಟಿಗೆ ನಿಧಾನವಾದವು. ಶ್ರುತಿ ಮಾತ್ರ ಹೆಚ್ಚುಕಡಿಮೆ ಅದೇ. ಅಂದರೆ ನಾವು ಆಡಿದ್ದು ಆರರಲ್ಲಿ ಐದು ಪಾಲು ವೇಗದ ಮಾರಿಯೊ. ಇಷ್ಟೆಲ್ಲ ತಲೆಗೆ ಗೊತ್ತಿದ್ದರೂ ಹೆಬ್ಬೆರಳಿಗೆ ಯಾರು ಹೇಳಬೇಕು?

ಮಾಲೀಕರಿಗೆ ಅಣ್ಣ ಇದನ್ನು ವಿವರಿಸಿದಾಗ ಅವರ ಮುಖ ಬೆಳಗಿತು. ನಿಧಾನದ ಮಾರಿಯೊ ಹೇಗಿರುತ್ತದೆ ಎಂದು ಕೇಳಿದರು. ಫೋನಿನಲ್ಲಿದ್ದ ಒಂದು ತುಣುಕನ್ನು ತೋರಿಸಿದೆ. ಕಿವಿ ಹತ್ತಿರ ಹಿಡಿದು ಕೇಳಿದರು, ಮತ್ತೊಮ್ಮೆ ಕೇಳಿದರು, ಆಮೇಲೆ ಅಡುಗೆಮನೆಯಲ್ಲಿದ್ದ ಹುಡುಗನನ್ನು ಕರೆದು ಅವನಿಗೂ ಕೇಳಿಸಿದರು. ಪ್ರತಿಯಾಗಿ ಕಪಾಟಿನಿಂದ 1988ರ ಜಪಾನಿ ಕಾಂಟ್ರಾ ತೆಗೆದು ಹಾಕಿದರು. ಆಟ ಮಾಡಿದ ಕೊನಾಮಿ ಕಂಪನಿ ಆ ಕ್ಯಾಸೆಟ್ಟಿನೊಳಗೆ ತನ್ನದೇ ಹೆಚ್ಚುವರಿ ಚಿಪ್ ಇಟ್ಟಿತ್ತು. ಅದರ ಬಲದಿಂದ ಕಾಡಿನ ಮರಗಳ ಎಲೆ ಅಲುಗುತ್ತದೆ, ಹಿಮದ ಹಂತದಲ್ಲಿ ಹಿಮ ಬೀಸುತ್ತದೆ, ಹಂತಗಳ ನಡುವೆ ನಕ್ಷೆ ಬರುತ್ತದೆ. ಅಮೆರಿಕದ ಕ್ಯಾಸೆಟ್ಟಿನಲ್ಲಿ ಆ ಚಿಪ್ ಇಲ್ಲ, ನಮಗೆ ಬಂದದ್ದು ಅದರ ನಕಲು. ನಾನು ಕಂಡ ಕಾಡಿನಲ್ಲಿ ಒಂದು ಎಲೆಯೂ ಅಲುಗಿರಲಿಲ್ಲ. ಗುಂಡು ಹೊಡೆಯುವುದನ್ನು ಬಿಟ್ಟು ಮರ ನೋಡುತ್ತ ನಿಂತೆ, ಸತ್ತೆ.

ಶನಿವಾರ

ಗೇಮ್ ಶೋ ನಡೆಯುವುದು ಟೋಕಿಯೊದಲ್ಲಲ್ಲ, ಪಕ್ಕದ ಚಿಬಾದ ಮಕುಹಾರಿ ಮೆಸ್ಸೆಯಲ್ಲಿ. ಈ ಬಾರಿ ಗುರುವಾರ, ಶುಕ್ರವಾರ ವ್ಯಾಪಾರಿಗಳಿಗೆ; ಶನಿವಾರ, ಭಾನುವಾರ ಜನಸಾಮಾನ್ಯರಿಗೆ. ನಾಲ್ಕು ದಿನಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಬರುವ ಜಾಗ. ನಿಶಿ-ಫುನಾಬಾಶಿಯಲ್ಲಿ ರೈಲು ಬದಲಿಸುವಾಗಲೇ ಯಾರು ಎಲ್ಲಿಗೆ ಹೊರಟವರು ಎಂಬುದು ಬೆನ್ನಚೀಲಕ್ಕೆ ತೂಗುಬಿಟ್ಟ ಗೊಂಬೆಗಳಿಂದ ತಿಳಿಯುತ್ತಿತ್ತು.

ಇಲ್ಲಿ ನೋಡಬೇಕಾದದ್ದು ಸಾಲು. ಪ್ರತಿ ಸಾಲಿನ ಕೊನೆಯಲ್ಲಿ ಒಬ್ಬರು "ಇದೇ ಕೊನೆ" ಎಂದು ಬರೆದ ಫಲಕ ಎತ್ತಿ ಹಿಡಿದಿರುತ್ತಾರೆ. ನೀವು ಬಂದು ನಿಂತ ತಕ್ಷಣ ಅವರು ನಿಮ್ಮ ಹಿಂದಕ್ಕೆ ಸರಿಯುತ್ತಾರೆ. ಫಲಕದ ಮೇಲೆ ಕಾಯುವ ನಿಮಿಷಗಳು: 90, 120. ಅದು ತುಂಬಿದರೆ ಫಲಕದವರು ಕೈಯಡ್ಡ ಮಾಡಿ ತಲೆಬಾಗಿಸುತ್ತಾರೆ. ಅಲ್ಲಿಗೆ ಮುಗಿಯಿತು, ಯಾರೂ ವಾದಿಸುವುದಿಲ್ಲ. ಮದುವೆ ಮನೆಯಲ್ಲಿ ಉಣ್ಣುತ್ತಿರುವವರ ಕುರ್ಚಿಯ ಹಿಂದೆ ನಿಂತು ಮಜ್ಜಿಗೆ ಬಂತೇ ಎಂದು ಇಣುಕುವ ಅಭ್ಯಾಸವಿರುವ ನನಗೆ ಮೊದಲ ಅರ್ಧ ಗಂಟೆ ಕಷ್ಟವಾಯಿತು. ದೊಡ್ಡ ಕಂಪನಿಯೊಂದರ ಮುಂದೆ ಎರಡು ಗಂಟೆ ಕಾದು ಹದಿನೈದು ನಿಮಿಷ ಆಡಿದೆ. ಚಂದವಿತ್ತು. ಆದರೆ ಇನ್ನು ಕೆಲವೇ ತಿಂಗಳಲ್ಲಿ ಬೆಂಗಳೂರಿನ ಮನೆಯಲ್ಲಿ ಕೂತು ಆಡಬಹುದಾದದ್ದಕ್ಕೆ ಇಷ್ಟು ದೂರ ಬಂದು ಕಾಲು ನೋಯಿಸಿಕೊಳ್ಳುವುದು ಹುಚ್ಚೇ ಸರಿ, ಇದನ್ನು ಹೇಳುವ ಹಕ್ಕು ನನಗಿಲ್ಲ.

ಸ್ವತಂತ್ರ ತಯಾರಕರ ಸಾಲು ಮಳಿಗೆಗಳಲ್ಲಿ ಮಾತ್ರ ಹೊಟ್ಟೆ ತುಂಬಿತು. ಒಂದು ಮೇಜು, ಒಂದು ಪರದೆ, ಪಕ್ಕದಲ್ಲಿ ನಿಂತ ತಯಾರಕ. ನೀವು ಎಲ್ಲಿ ಎಡವುತ್ತೀರಿ ಎಂದು ಆತ ಪರದೆಯನ್ನಲ್ಲ, ನಿಮ್ಮ ಕೈಯನ್ನು ನೋಡುತ್ತಿರುತ್ತಾನೆ. ಒಬ್ಬ ಹುಡುಗ ನಾನು ತಪ್ಪು ಬಾಗಿಲಿಗೆ ಹೋದಾಗಲೆಲ್ಲ ಪುಟ್ಟ ಪುಸ್ತಕದಲ್ಲಿ ಗೀಟು ಹಾಕಿಕೊಳ್ಳುತ್ತಿದ್ದ. ನಾನು ಭಾರತದವನೆಂದಾಗ ಪುಣೆಯವರು ಮಾಡಿದ 'ರಾಜಿ' ಆಟದ ಹೆಸರು ಹೇಳಿದ. ಬೆಂಗಳೂರಿನಲ್ಲಿ 1997ರಷ್ಟು ಹಿಂದೆಯೇ ಧ್ರುವ ಇಂಟರ‍್ಯಾಕ್ಟಿವ್ ಎಂಬ ಗೇಮ್ ಕಂಪನಿ ಶುರುವಾಗಿತ್ತು, ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ ಕೆಲಸ ಮಾಡಿಕೊಡುತ್ತಿತ್ತು, 2019ರಲ್ಲಿ ಅದನ್ನು ಅಮೆರಿಕದ ಗೇಮ್ ಕಂಪನಿ ರಾಕ್‌ಸ್ಟಾರ್ ಕೊಂಡುಕೊಂಡಿತು ಎಂದು ಹೇಳಿದೆ. ಅದೂ ಗೀಟಿನ ಪಕ್ಕ ಬರೆದುಕೊಂಡ.

ಅಮೆರಿಕದ ಇ3 ಎಂಬ ಮೇಳ 1995ರಿಂದ ನಡೆದು 2023ರಲ್ಲಿ ಶಾಶ್ವತವಾಗಿ ಮುಚ್ಚಿತು. ಇ3 ಶುರುವಾದ ಮರುವರ್ಷ, 1996ರಲ್ಲಿ, ಶುರುವಾದ ಈ ಟೋಕಿಯೊ ಮೇಳ ಇನ್ನೂ ಉಸಿರಾಡುತ್ತಿದೆ. ಇ3 ಬಹುಕಾಲ ಪತ್ರಕರ್ತರಿಗೂ ವ್ಯಾಪಾರಿಗಳಿಗೂ ಮೀಸಲಾಗಿತ್ತು. ಘೋಷಣೆಗಳನ್ನು ಕಂಪನಿಗಳು ತಾವೇ ಇಂಟರ್ನೆಟ್ಟಿನಲ್ಲಿ ಬಿತ್ತರಿಸತೊಡಗಿದ ಮೇಲೆ ಅವರಿಗೆ ಆ ಖರ್ಚು ಯಾಕೆ ಬೇಕು? ಇಲ್ಲಿ ಟಿಕೆಟ್ ಕೊಂಡು ಬರುವ ಅಪ್ಪ, ಮಗ, ಗೆಳತಿಯರ ಗುಂಪು, ವೇಷ ಹಾಕಿದವರು ಮತ್ತು ಅವರ ಫೋಟೊ ತೆಗೆಯಲೆಂದೇ ಬಂದವರು ಮೇಳವನ್ನು ಎತ್ತಿ ಹಿಡಿದಿದ್ದಾರೆ. ಇದು ನನ್ನ ಲೆಕ್ಕ. ಒಪ್ಪದಿದ್ದರೆ ಜಗಳಕ್ಕೆ ಸಿದ್ಧ.

ಭಾನುವಾರ

ಅಣ್ಣನ ಮಗನಿಗೆ ರಜೆ. "ಚಿಕ್ಕಪ್ಪಾ, ನನ್ನನ್ನೂ ಕರೆದುಕೊಂಡು ಹೋಗು" ಎಂದು ಹಟ ಹಿಡಿದ. ತಕಾದಾನೊಬಾಬಾದ ಮಿಕಾಡೊ ಎಂಬ ಆರ್ಕೇಡಿಗೆ ಹೋದೆವು. 1980ರ ದಶಕದಲ್ಲಿ ಜಪಾನಿನಲ್ಲಿ ಇಂಥ ಅಂಗಡಿಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದವು. ಈಗ ಉಳಿದಿರುವುದು ಕೆಲವೇ ಸಾವಿರ, ಅವುಗಳಲ್ಲೂ ಗೊಂಬೆ ಎತ್ತುವ ಯಂತ್ರಗಳದೇ ಕಾರುಬಾರು. ಮಿಕಾಡೊದಲ್ಲಿ ಮಾತ್ರ ಹಳೆಯ ಆಟಗಳೇ. 100 ಯೆನ್ ನಾಣ್ಯ ಹಾಕಿ ಕೂತರೆ ಎದುರಿನ ಯಂತ್ರದಿಂದ ಯಾರೋ ಮುಖ ತೋರಿಸದ ಸವಾಲುಗಾರ ಬಂದು ನಿಮ್ಮನ್ನು ಒರೆಸಿ ಹಾಕುತ್ತಾನೆ. ನನ್ನನ್ನು ಒರೆಸಿ ಹಾಕಿದವರು ಎದ್ದು ನಿಂತಾಗ ನೋಡಿದರೆ ಕೂದಲು ಪೂರ್ತಿ ನರೆತ ಹಿರಿಯರು.

"ವೈರಿಗಳು ಕಡಿಮೆಯಾದ ಹಾಗೆ ಯಾಕೆ ಜೋರಾಗಿ ಬರುತ್ತಾರೆ?" ಎಂದು ಹುಡುಗ ಫೋನಿನಲ್ಲಿ ಆಡಿದ್ದ ಸ್ಪೇಸ್ ಇನ್‌ವೇಡರ್ಸ್ ಬಗ್ಗೆ ಕೇಳಿದ. ಒಳ್ಳೆಯ ಪ್ರಶ್ನೆ. 1978ರಲ್ಲಿ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ಆ ಆಟವನ್ನು ಮಾಡಿದಾಗ ಅಷ್ಟೂ ಜನ ವೈರಿಗಳನ್ನು ಬೇಗ ಬೇಗ ಬಿಡಿಸುವ ಶಕ್ತಿ ಪ್ರೊಸೆಸರಿಗೆ ಇರಲಿಲ್ಲ. ಒಬ್ಬೊಬ್ಬರು ಸತ್ತಂತೆ ಅದರ ಹೊರೆ ಇಳಿಯಿತು, ಉಳಿದವರು ಚುರುಕಾದರು. ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಬಿಟ್ಟರು. "ಅಂದರೆ ಕಂಪ್ಯೂಟರಿಗೆ ಸುಸ್ತಾಗಿತ್ತಾ?" ಎಂದ. ಹೌದಪ್ಪ, ಸುಸ್ತಾಗಿತ್ತು.

ಸೋಮವಾರ, ಮಂಗಳವಾರ

ಕ್ಯೋಟೊಗೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲು. ಈ ದಾರಿಯಲ್ಲಿ ಎಲ್ಲರೂ ಫೂಜಿ ಪರ್ವತಕ್ಕಾಗಿ ಕಿಟಕಿಗೆ ಅಂಟಿಕೊಳ್ಳುತ್ತಾರೆ, ಮೋಡ ಮುಸುಕಿ ನಿರಾಸೆ ಮಾಡುತ್ತದೆ. ನಾನು ಕಾದದ್ದು ಫೂಜಿ ನದಿಗೆ. ಅದರ ಆಸುಪಾಸಿನಲ್ಲಿ ಜಪಾನಿನ ವಿದ್ಯುತ್ತು ಎರಡಾಗುತ್ತದೆ: ಪೂರ್ವಕ್ಕೆ 50 ಹರ್ಟ್ಸ್, ಪಶ್ಚಿಮಕ್ಕೆ 60. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೋಕಿಯೊದವರು ಜರ್ಮನಿಯಿಂದಲೂ ಒಸಾಕಾದವರು ಅಮೆರಿಕದಿಂದಲೂ ಜನರೇಟರ್ ತರಿಸಿದರು, ಆ ಗೆರೆ ಇಂದಿಗೂ ಅಳಿಸಿಲ್ಲ. ಈ ರೈಲು ಮಾತ್ರ ದಾರಿಯುದ್ದಕ್ಕೂ 60ರಲ್ಲೇ ಓಡುತ್ತದೆ; ಪೂರ್ವದ ಕರೆಂಟನ್ನು ದಾರಿಬದಿಯಲ್ಲಿ ಪರಿವರ್ತಿಸಿ ಕೊಡುತ್ತಾರೆ. ಟಿವಿಯ ಚಿತ್ರವೂ ಅಷ್ಟೇ, ಗೋಡೆಯ ಕರೆಂಟು ಯಾವುದಾದರೂ ದೇಶಕ್ಕೆಲ್ಲ ಒಂದೇ 60. ಹಾಗಾಗಿ ಟೋಕಿಯೊದ ಮಾರಿಯೊಗೂ ಕ್ಯೋಟೊದ ಮಾರಿಯೊಗೂ ವ್ಯತ್ಯಾಸವಿಲ್ಲ. ದಾವಣಗೆರೆಯ ಮಾರಿಯೊ ಒಬ್ಬನೇ ನಿಧಾನಸ್ಥ.

1889ರಲ್ಲಿ ಫುಸಾಜಿರೊ ಯಮಾವುಚಿ ಹನಾಫುಡಾ ಇಸ್ಪೀಟು ಮಾಡಲು ಶುರು ಮಾಡಿದ ಕಂಪನಿಯೇ ನಿಂಟೆಂಡೊ. ಅದರ ಹಳೆಯ ಪ್ರಧಾನ ಕಚೇರಿ ಈಗ ಮಾರುಫುಕುರೊ ಎಂಬ ಹೋಟೆಲ್. ನನ್ನ ಜೇಬಿಗೆ ಒಗ್ಗುವುದಲ್ಲ. ಬಾಗಿಲಿನ ಪಕ್ಕದ ಹಳೆಯ ಫಲಕದ ಫೋಟೊ ತೆಗೆದುಕೊಂಡು ಅಗ್ಗದ ವಸತಿಗೆ ಮರಳಿದೆ. ಮಂಗಳವಾರ ಸಂಗ್ರಹಾಲಯಕ್ಕೆ ರಜೆ. ಕೂತು ಜಾಲತಾಣಕ್ಕೆ ಚಿತ್ರಗಳನ್ನು ಏರಿಸಿದೆ. ಹಳೆಯ ಆಟದ ಚಿತ್ರವನ್ನು ದೊಡ್ಡದು ಮಾಡುವಾಗ ಎರಡು ಪಟ್ಟು, ಮೂರು ಪಟ್ಟು ಎಂದು ಪೂರ್ಣಾಂಕದಲ್ಲೇ ಹಿಗ್ಗಿಸಬೇಕು, ಇಲ್ಲದಿದ್ದರೆ ಚುಕ್ಕಿಗಳು ಕಲಸಿ ಮಾರಿಯೊ ಮೀಸೆ ಮೂಗಿಗೆ ಅಂಟುತ್ತದೆ. ಈ ಕೆಲಸದಲ್ಲೇ ಸಂಜೆಯಾಯಿತು.

ಬುಧವಾರ

ಒಗುರಾ ನಿಲ್ದಾಣದಿಂದ ಐದು ನಿಮಿಷದ ನಡಿಗೆ. 1969ರಲ್ಲಿ ಕಟ್ಟಿದ ಕಾರ್ಖಾನೆ ಇದು. ಇಸ್ಪೀಟು ತಯಾರಾಗುತ್ತಿದ್ದುದು, ಕೆಟ್ಟ ಯಂತ್ರಗಳು ದುರಸ್ತಿಗೆ ಬರುತ್ತಿದ್ದುದು ಇಲ್ಲಿಗೇ. 2024ರ ಅಕ್ಟೋಬರ್ 2ರಂದು ಸಂಗ್ರಹಾಲಯವಾಗಿ ತೆರೆಯಿತು. ಸುತ್ತಲೂ ಸಾಧಾರಣ ಮನೆಗಳು, ಒಣಹಾಕಿದ ಬಟ್ಟೆ. ಪ್ರವೇಶಕ್ಕೆ 3,300 ಯೆನ್, ಜೊತೆಗೆ ಒಂದು ಕಾರ್ಡು, ಅದರಲ್ಲಿ ಹತ್ತು ಡಿಜಿಟಲ್ ನಾಣ್ಯ. ಕೆಳಗಿನ ಮಹಡಿಯ ಪ್ರತಿ ಆಟಕ್ಕೂ ಒಂದೋ ಎರಡೋ ಹೆಚ್ಚೋ ನಾಣ್ಯ ಕಳೆಯುತ್ತದೆ. ತುಂಬಿಸಿಕೊಳ್ಳಲು ಬರುವುದಿಲ್ಲ.

ಮೇಲಿನ ಮಹಡಿಯಲ್ಲಿ ಫೋಟೊ ತೆಗೆಯುವಂತಿಲ್ಲ, ವಿವರಣೆಯ ಫಲಕಗಳೂ ಇಲ್ಲವೆನ್ನುವಷ್ಟು ಕಡಿಮೆ. ವಸ್ತುಗಳನ್ನು ಸಾಲಾಗಿ ಜೋಡಿಸಿ ಸುಮ್ಮನಾಗಿದ್ದಾರೆ. ಇದು ಅಹಂಕಾರವೋ ಆತ್ಮವಿಶ್ವಾಸವೋ ಎಂದು ಮೊದಲು ಸಿಟ್ಟು ಬಂದಿತು. ಸ್ವಲ್ಪ ಹೊತ್ತಿನಲ್ಲಿ ಗಮನಿಸಿದರೆ ಫಲಕಗಳ ಕೆಲಸವನ್ನು ಬಂದವರೇ ಮಾಡುತ್ತಿದ್ದರು. ಅಜ್ಜನೊಬ್ಬ ಮೊಮ್ಮಗಳಿಗೆ 1966ರ ಅಲ್ಟ್ರಾ ಹ್ಯಾಂಡ್ ತೋರಿಸಿ ಕೈ ಚಾಚಿ ಮಡಿಸಿ ಅಭಿನಯಿಸುತ್ತಿದ್ದ. ಕಾರ್ಖಾನೆಯ ನಿರ್ವಹಣಾ ಸಿಬ್ಬಂದಿಯಾಗಿದ್ದ ಗುನ್ಪೆ ಯೊಕೊಯಿ ಬೇಸರ ಕಳೆಯಲು ಮಾಡಿಕೊಂಡ ಚಾಚುಗೈ ಅದು. ಕಂಪನಿಯ ಅಧ್ಯಕ್ಷರ ಕಣ್ಣಿಗೆ ಬಿದ್ದು ಆಟಿಕೆಯಾಗಿ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 1980ರ ಗೇಮ್ ಆ್ಯಂಡ್ ವಾಚ್, ಆಮೇಲೆ ಗೇಮ್ ಬಾಯ್ ಎಲ್ಲ ಅದೇ ಕೈಯಿಂದ ಬಂದವು. ಮಕ್ಕಳ ತಳ್ಳುಗಾಡಿ, ನಕಲು ಯಂತ್ರ, ಕಸ ಗುಡಿಸುವ ಆಟಿಕೆ ವಾಹನ ಇವನ್ನೂ ಈ ಕಂಪನಿ ಮಾಡಿ ಕೈ ಸುಟ್ಟುಕೊಂಡಿತ್ತು. ಅವನ್ನೂ ಮುಚ್ಚಿಡದೆ ಇಟ್ಟಿದ್ದಾರೆ.

ಫ್ಯಾಮಿಕಾಮ್ ಕಪಾಟಿನಲ್ಲಿ ದೇಶದೇಶಗಳ ಯಂತ್ರಗಳೂ ಪೆಟ್ಟಿಗೆಗಳೂ ಇವೆ. ನಮ್ಮದಿಲ್ಲ, ಇರುವಂತೆಯೂ ಇಲ್ಲ. ಕಳ್ಳನ ಫೋಟೊವನ್ನು ಯಾರು ತಮ್ಮ ಮನೆಯ ಗೋಡೆಗೆ ಹಾಕುತ್ತಾರೆ? ಆದರೆ ಮೂಲದವರು ಕಾಲಿಡದ ಊರುಗಳಲ್ಲಿ ಒಂದು ಪೀಳಿಗೆಯ ಕೈಗೆ ಗುಂಡಿ ಒತ್ತಲು ಕಲಿಸಿದ್ದು ಆ ಕಳ್ಳನೇ. ಅದನ್ನು ಬರೆದಿಡುವುದು ನಿಂಟೆಂಡೊ ಕೆಲಸವಲ್ಲ, ನಮ್ಮದು.

ಕೊನೆಗೆ ಹನಾಫುಡಾ ಕೋಣೆ. ಹನ್ನೆರಡು ತಿಂಗಳು, ತಿಂಗಳಿಗೊಂದು ಹೂವೋ ಗಿಡವೋ, ಪ್ರತಿಯೊಂದಕ್ಕೆ ನಾಲ್ಕರಂತೆ 48 ಎಲೆಗಳು. ಕೊರೆದ ಅಚ್ಚನ್ನು ಎಲೆಯ ಮೇಲಿಟ್ಟು ದುಂಡು ಕುಂಚದಿಂದ ಬಣ್ಣ ತಟ್ಟಬೇಕು. ಎಳೆದರೆ ಬಣ್ಣ ಅಚ್ಚಿನ ಕೆಳಗೆ ನುಸುಳುತ್ತದೆ. ನನಗೆ ನೆನಪಾದದ್ದು ಮೈಸೂರಿನ ಗಂಜೀಫಾ. ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆಯಾಟಗಳನ್ನು ತಾವೇ ರೂಪಿಸಿ, 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಅವುಗಳ ವಿವರ ಬರೆಸಿದ್ದರು. ಅವರು ತೀರಿಕೊಂಡದ್ದು 1868ರಲ್ಲಿ, ಇಲ್ಲಿ ಯಮಾವುಚಿ ಅಂಗಡಿ ತೆರೆಯುವುದಕ್ಕೆ ಎರಡು ದಶಕ ಮುಂಚೆ. ಕಲಿಸುತ್ತಿದ್ದ ಮಹಿಳೆಗೆ ಫೋನಿನಲ್ಲಿ ದುಂಡನೆಯ ಗಂಜೀಫಾ ಎಲೆಗಳನ್ನು ತೋರಿಸಿದೆ. ಅವರಿಗೆ ಚಿತ್ರಕ್ಕಿಂತ ಬೇರೊಂದು ಚಿಂತೆ ಹತ್ತಿತು: ದುಂಡಗಿದ್ದರೆ ಕೈಯಲ್ಲಿ ಹಿಡಿದು ಕಲಸುವುದು ಹೇಗೆ? ಬಟ್ಟೆಯ ಮೇಲೆ ಹರಡಿ ಎರಡೂ ಕೈಗಳಿಂದ ಕಲಸುತ್ತಾರೆ ಎಂದು ಅಭಿನಯಿಸಿ ತೋರಿಸಿದೆ. ಅಷ್ಟರಲ್ಲಿ ನನ್ನ ಎಲೆಯ ಮೇಲಿನ ಚೆರ್ರಿ ಹೂವು ಗೆರೆ ದಾಟಿ ಗುಲಾಬಿ ಮುದ್ದೆಯಾಗಿತ್ತು. ಅವರು ಅದನ್ನೇ ಎತ್ತಿ ಒಣಗಲು ಇಟ್ಟರು, ಪಕ್ಕದ ಹುಡುಗಿಗೆ ಹೊಸ ಕುಂಚ ಕೊಟ್ಟರು.